ಸವಳು ನೀರಿನ ರಾಜಹಂಸಗಳು

ರಾಜಹಂಸ, ಅಂದರೆ ಫ್ಲೆಮಿಂಗೊ, ತಲೆಕೆಳಗಾಗಿ ಉಣ್ಣುವ ಹಕ್ಕಿ. ಉದ್ದನೆಯ ಕತ್ತನ್ನು ನೆಲದತ್ತ ಬಗ್ಗಿಸಿ, ತಲೆಯನ್ನು ತನ್ನ ಕಾಲುಗಳ ಕಡೆಗೇ ತಿರುಗಿಸಿಕೊಂಡು, ಮೇಲುಕೊಕ್ಕು ಕೆಳಗೂ ಕೆಳಕೊಕ್ಕು ಮೇಲೂ ಬರುವಂತೆ ನೀರಿಗೆ ಇಳಿಸುತ್ತದೆ. ಹಗಲಲ್ಲೂ ರಾತ್ರಿಯಲ್ಲೂ ಗಂಟೆಗಟ್ಟಲೆ ಅದು ಈ ಭಂಗಿಯಲ್ಲೇ ಇರುತ್ತದೆ. ಅದರ ಗುಲಾಬಿ ಬಣ್ಣ, ಕೋಲಿನಂಥ ಕಾಲು, ಸಾವಿರಗಟ್ಟಲೆಯಾಗಿ ಸೇರಿ ಬಾಳುವ ರೂಢಿ, ಒಂದು ಸಲಕ್ಕೆ ಒಂದೇ ಮೊಟ್ಟೆ, ಮರಿಗೆ ಕುಡಿಸುವ ಕೆಂಪು ಹಾಲು, ಎಲ್ಲಕ್ಕೂ ಈ ಊಟದ ಕ್ರಮದೊಂದಿಗೆ ನಂಟಿದೆ.

ಜಗತ್ತಿನಲ್ಲಿ ಆರು ಜಾತಿಯ ರಾಜಹಂಸಗಳಿವೆ. ಭಾರತ ಮತ್ತು ಆಫ್ರಿಕಾ ಎರಡೂ ಕಡೆ ಕಾಣುವವು ಎರಡು. ನಾಲ್ಕರಿಂದ ಐದಡಿ ಎತ್ತರಕ್ಕೆ ಬೆಳೆಯುವ, ಬಿಳಿಗೆ ತೆಳು ಗುಲಾಬಿ ಬೆರೆತಂತಿರುವ ದೊಡ್ಡ ರಾಜಹಂಸ ಒಂದು. ಮೂರಡಿಯೊಳಗಿನ, ಬಣ್ಣದಲ್ಲಿ ಹೆಚ್ಚು ಗಾಢವಾದ ಪುಟ್ಟ ರಾಜಹಂಸ ಇನ್ನೊಂದು. ಕೆರಿಬಿಯನ್ ದ್ವೀಪಗಳಲ್ಲಿ ಮತ್ತು ಮೆಕ್ಸಿಕೊದ ಯುಕಟಾನ್ ಕರಾವಳಿಯಲ್ಲಿ ಕೆಂಪೇರಿದ ಕೆರಿಬಿಯನ್ ರಾಜಹಂಸವಿದೆ. ಉಳಿದ ಮೂರು, ಚಿಲಿಯ ರಾಜಹಂಸ, ಆಂಡೀಸ್ ರಾಜಹಂಸ ಮತ್ತು ಜೇಮ್ಸ್ ರಾಜಹಂಸ, ದಕ್ಷಿಣ ಅಮೆರಿಕದವು. ಜೇಮ್ಸ್ ರಾಜಹಂಸ ಆಂಡೀಸ್ ಪರ್ವತಗಳ ಎತ್ತರದ ಉಪ್ಪು ಸರೋವರಗಳಲ್ಲಿ ಎಷ್ಟು ಮರೆಯಾಗಿತ್ತೆಂದರೆ, 1950ರ ದಶಕದಲ್ಲಿ ಮತ್ತೆ ಪತ್ತೆಯಾಗುವ ತನಕ ಅದು ಅಳಿದೇಹೋಗಿದೆ ಎಂದು ನಂಬಲಾಗಿತ್ತು. ಮೇಲ್ನೋಟಕ್ಕೆ ಕೊಕ್ಕರೆಗಳ ಬಳಗದಂತೆ ಕಂಡರೂ ವಂಶವಾಹಿಗಳ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ರಾಜಹಂಸಕ್ಕೆ ಇಂದು ಬದುಕಿರುವ ಅತಿ ಹತ್ತಿರದ ನೆಂಟ, ನಮ್ಮ ಕೆರೆಗಳಲ್ಲಿ ಮುಳುಗಿ ಏಳುವ ಗುಳುಮುಳುಕ.

ಈ ಆರೂ ಹಕ್ಕಿಗಳು ಆರಿಸಿಕೊಂಡ ಜಾಗ ಮಾತ್ರ ಒಂದೇ ತೆರನದು: ಆಳವಿಲ್ಲದ, ಬಿಸಿಲಿಗೆ ತೆರೆದುಕೊಂಡ, ಉಪ್ಪು ಇಲ್ಲವೇ ಸೋಡಾ ತುಂಬಿದ ನೀರು. ಇಂಥ ಸವಳು ನೀರಿನಲ್ಲಿ ಮೀನುಗಳು ಬಾಳುವುದು ಕಷ್ಟ. ಮೀನಿಲ್ಲದ ನೀರಿನಲ್ಲಿ ಪಾಚಿ, ಉಪ್ಪುಸೀಗಡಿ, ನೊಣಜಾತಿಯ ಮರಿಹುಳು ಇವನ್ನು ತಿನ್ನುವವರು ಕಡಿಮೆ. ಆದ್ದರಿಂದ ಅವು ನೀರಿನ ಬಣ್ಣವೇ ಬದಲಾಗುವಷ್ಟು ದಟ್ಟವಾಗಿ ಬೆಳೆಯುತ್ತವೆ. ಆಹಾರ ಅಪಾರ, ಪಾಲುದಾರರು ವಿರಳ. ಆದರೆ ಒಂದೊಂದು ತುತ್ತೂ ತೀರ ಚಿಕ್ಕದು. ಅದನ್ನು ಹೆಕ್ಕಿ ತಿಂದು ಹೊಟ್ಟೆ ತುಂಬಿಸಿಕೊಳ್ಳಲಾಗದು. ಸೋಸಿಯೇ ತಿನ್ನಬೇಕು.

ಸೋಸುವ ಕೆಲಸಕ್ಕೆ ರಾಜಹಂಸದ ಕೊಕ್ಕಿನಷ್ಟು ಹದವಾಗಿ ಒಗ್ಗಿದ ಕೊಕ್ಕು ಹಕ್ಕಿಲೋಕದಲ್ಲಿ ಇನ್ನೊಂದಿಲ್ಲ. ಅದು ನಡುವೆ ಥಟ್ಟನೆ ಕೆಳಕ್ಕೆ ಬಾಗಿದೆ. ಈ ಬಾಗಿಗೆ ಒಂದು ಲೆಕ್ಕಾಚಾರವಿದೆ. ನೇರವಾದ ಕೊಕ್ಕನ್ನು ತುಸು ತೆರೆದರೆ ತುದಿಯಲ್ಲಿ ಸಂದು ಅಗಲವಾಗುತ್ತದೆ, ಬುಡದಲ್ಲಿ ಕಿರಿದಾಗಿಯೇ ಉಳಿಯುತ್ತದೆ. ನಡುವೆ ಬಾಗಿದ ಕೊಕ್ಕನ್ನು ತೆರೆದಾಗ ಸಂದು ಹೆಚ್ಚುಕಡಿಮೆ ಉದ್ದಕ್ಕೂ ಸಮನಾಗಿರುತ್ತದೆ. ಜರಡಿ ಹಿಡಿಯುವವರಿಗೆ ಕಣ್ಣಿನ ಅಳತೆ ಎಲ್ಲೆಡೆ ಒಂದೇ ಇರಬೇಕು; ಹಾಗಿದ್ದರೆ ಮಾತ್ರ ಬೇಡದ ದಪ್ಪ ಕಣ ಹೊರಗುಳಿದು ಬೇಕಾದ ಸಣ್ಣ ಕಣ ಒಳಬರುತ್ತದೆ. ಕೊಕ್ಕಿನ ಒಳಗೋಡೆಯಲ್ಲಿ ಸಾಲುಸಾಲಾಗಿ ತೆಳ್ಳನೆಯ ಫಲಕಗಳಿವೆ, ಅವುಗಳ ಮೇಲೆ ಇನ್ನೂ ನವುರಾದ ಎಳೆಗಳಿವೆ. ಕೆಳಕೊಕ್ಕು ಆಳವಾದ ದೋಣಿಯಂತಿದ್ದು ಅದರ ತುಂಬ ದಪ್ಪನೆಯ, ಮುಳ್ಳುಮುಳ್ಳಾದ ನಾಲಿಗೆ ಕೂತಿರುತ್ತದೆ. ನಾಲಿಗೆ ಹಿಂದಕ್ಕೆ ಸರಿದಾಗ ನೀರು ಒಳನುಗ್ಗುತ್ತದೆ. ಮುಂದಕ್ಕೆ ಬಂದಾಗ ನೀರು ಫಲಕಗಳ ನಡುವಿನಿಂದ ಹೊರಬಿದ್ದು ಆಹಾರ ಒಳಗೇ ಉಳಿಯುತ್ತದೆ. ದೊಡ್ಡ ರಾಜಹಂಸದ ನಾಲಿಗೆ ಸೆಕೆಂಡಿಗೆ ಐದಾರು ಸಲ ಹೀಗೆ ಆಡುತ್ತದೆ, ಪುಟ್ಟ ರಾಜಹಂಸದ್ದು ಇಪ್ಪತ್ತರ ತನಕ. ಈ ಯಂತ್ರವಿಡೀ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ಕೂಲಂಕಷವಾಗಿ ಬಿಡಿಸಿ ತೋರಿಸಿದವರು ಬ್ರಿಟನ್ನಿನ ಪ್ರಾಣಿವಿಜ್ಞಾನಿ ಪೆನೆಲೊಪಿ ಜೆಂಕಿನ್. 1957ರಲ್ಲಿ ಬಂದ ಅವರ ದೀರ್ಘ ಪ್ರಬಂಧ ಇಂದಿಗೂ ಈ ವಿಷಯದ ಬುನಾದಿ.

ಬೇರೆ ಹಕ್ಕಿಗಳಲ್ಲಿ ಬಹುಪಾಲು ಕೆಳದವಡೆಯೇ ಆಡುತ್ತದೆ. ರಾಜಹಂಸದ ಮೇಲುಕೊಕ್ಕೂ ಸಲೀಸಾಗಿ ಆಡುತ್ತದೆ. ತಲೆಕೆಳಗಾದ ಮೇಲೆ ಕೆಳಭಾಗವಾಗುವುದು ಅದೇ ಆದ್ದರಿಂದ ಇದರಲ್ಲಿ ಅಚ್ಚರಿಯಿಲ್ಲ.

ಈ ಊಟವನ್ನು ಬರೀ ಸೋಸುವಿಕೆ ಎಂದು ತಿಳಿದದ್ದು ಪೂರ್ತಿ ಸರಿಯಲ್ಲ ಎಂಬುದು ಈಚೆಗೆ ಗೊತ್ತಾಗಿದೆ. ವಿಕ್ಟರ್ ಒರ್ಟೆಗಾ ಹಿಮೆನೆಸ್ ಮತ್ತು ಸಂಗಡಿಗರು ಅಮೆರಿಕದ ನ್ಯಾಶ್‌ವಿಲ್ ಮೃಗಾಲಯದ ಚಿಲಿ ರಾಜಹಂಸಗಳು ಉಣ್ಣುವುದನ್ನು ಚಿತ್ರೀಕರಿಸಿ, ನೀರಿನ ಚಲನೆಯನ್ನು ಅಳೆದು, 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಕ್ಕಿ ನೀರಿನಡಿಯಿಂದ ತಲೆಯನ್ನು ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ವೇಗದಲ್ಲಿ ಮೇಲಕ್ಕೆಳೆದಾಗ ಪುಟ್ಟ ಸುಳಿಯೊಂದು ಎದ್ದು ತಳದ ಕೆಸರನ್ನೂ ಅದರಲ್ಲಿ ಅಡಗಿದ ಜೀವಿಗಳನ್ನೂ ಮೇಲೆತ್ತುತ್ತದೆ. ಜಾಲಪಾದಗಳನ್ನು ಇಟ್ಟು ಎತ್ತಿ ತುಳಿಯುವಾಗಲೂ ಸುಳಿಗಳೆದ್ದು ಕೆಸರಿನಲ್ಲಿದ್ದದ್ದನ್ನು ಕೊಕ್ಕಿನ ಮುಂದಕ್ಕೆ ತಳ್ಳುತ್ತವೆ. ನೀರಿನೊಳಗೆ ಕೊಕ್ಕನ್ನು ಸೆಕೆಂಡಿಗೆ ಹನ್ನೆರಡರಷ್ಟು ಸಲ ಪಟಪಟನೆ ಬಡಿಯುವುದಕ್ಕೂ ಅರ್ಥವಿದೆ. ಕೊಕ್ಕಿನ ಮಾದರಿಯೊಂದನ್ನು ಮಾಡಿ ಪರೀಕ್ಷಿಸಿದಾಗ, ಹೀಗೆ ಬಡಿದರೆ ಒಳಬರುವ ಉಪ್ಪುಸೀಗಡಿಗಳ ಸಂಖ್ಯೆ ಏಳುಪಟ್ಟು ಏರಿತು. ಸೀಗಡಿ ಓಡಿ ತಪ್ಪಿಸಿಕೊಳ್ಳಬಲ್ಲ ಜೀವಿ. ಅದನ್ನು ಹಿಡಿಯಲು ಬಾಯಿ ತೆರೆದು ಕಾದರೆ ಸಾಲದು. ರಾಜಹಂಸ ನೀರನ್ನೇ ಬಲೆಯಾಗಿಸಿಕೊಂಡು ಬೇಟೆಯಾಡುತ್ತದೆ ಎನ್ನುವುದೇ ಸರಿಯಾದ ಮಾತು.

ಕೊಕ್ಕಿನ ಒಳರಚನೆಯಲ್ಲಿ ಆರು ಜಾತಿಗಳು ಎರಡು ಪಂಗಡವಾಗುತ್ತವೆ. ದೊಡ್ಡ ರಾಜಹಂಸ, ಕೆರಿಬಿಯನ್ ಮತ್ತು ಚಿಲಿಯ ರಾಜಹಂಸಗಳ ಜರಡಿ ಒರಟು. ಅರ್ಧ ಮಿಲಿಮೀಟರಿನಿಂದ ಕೆಲವು ಮಿಲಿಮೀಟರ್ ಗಾತ್ರದ ಸೀಗಡಿ, ಮರಿಹುಳು, ಪುಟ್ಟ ಬಸವನಹುಳು, ನೀರುಗಿಡಗಳ ಬೀಜ ಇವು ಅವುಗಳ ಆಹಾರ. ಪುಟ್ಟ ರಾಜಹಂಸ, ಆಂಡೀಸ್ ಮತ್ತು ಜೇಮ್ಸ್ ರಾಜಹಂಸಗಳದು ಬಹು ನವುರಾದ ಜರಡಿ. ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದಾದ, ಡಯಾಟಮ್ ಎಂಬ ಏಕಕೋಶ ಪಾಚಿಗಳನ್ನೂ ಅವು ಹಿಡಿಯುತ್ತವೆ. ಪುಟ್ಟ ರಾಜಹಂಸದ ಮುಖ್ಯ ಆಹಾರ ಆರ್ತ್ರೊಸ್ಪೈರಾ ಎಂಬ ನೀಲಿ-ಹಸಿರು ಪಾಚಿ. ಔಷಧದಂಗಡಿಗಳಲ್ಲಿ ಸ್ಪಿರುಲಿನ ಹೆಸರಿನಲ್ಲಿ ಮಾತ್ರೆಯಾಗಿ ಮಾರಾಟವಾಗುವುದು ಇದೇ ಬಳಗದ್ದು. ಈ ಪಾಚಿ ನೀರಿನ ಮೇಲ್ಪದರದಲ್ಲಿ ದಟ್ಟವಾಗಿರುತ್ತದೆ. ಪುಟ್ಟ ರಾಜಹಂಸದ ಕೆಳಕೊಕ್ಕಿನ ಸ್ಪಂಜಿನಂಥ ಅಂಗಾಂಶ ತೇಲುಬುರುಡೆಯ ಕೆಲಸ ಮಾಡಿ ತಲೆಯನ್ನು ಆ ಪದರದಲ್ಲೇ ನಿಲ್ಲಿಸುತ್ತದೆ. ಗಾಳಿಗೆ ಅಲೆಯೆದ್ದರೆ ಹೀಗೆ ಉಣ್ಣಲಾಗದು. ಆದ್ದರಿಂದ ನೀರು ತಿಳಿಯಾಗಿ ನಿಂತ ರಾತ್ರಿ ಮತ್ತು ಮುಂಜಾವಗಳೇ ಅದಕ್ಕೆ ಒಳ್ಳೆಯ ಹೊತ್ತು. ದೊಡ್ಡ ರಾಜಹಂಸ ಅದೇ ಕೆರೆಯಲ್ಲಿ, ಅದೇ ಗಳಿಗೆಯಲ್ಲಿ, ತಲೆಯನ್ನು ತಳದ ತನಕ ಇಳಿಸಿ ಕೆಸರನ್ನು ಸೋಸುತ್ತಿರುತ್ತದೆ. ಎರಡು ಜಾತಿಗಳು ಅಕ್ಕಪಕ್ಕದಲ್ಲೇ ನಿಂತು ಜಗಳವಿಲ್ಲದೆ ಉಣ್ಣುವುದು ಹೀಗೆ.

ಮೈಯ ಉಳಿದ ಭಾಗಗಳೂ ಇದೇ ಜಾಗಕ್ಕೆ ಒಗ್ಗಿವೆ. ಉದ್ದನೆಯ ಕಾಲು ಬೇರೆ ಹಕ್ಕಿಗಳಿಗೆ ಎಟುಕದ ಆಳದವರೆಗೆ ಒಯ್ಯುತ್ತದೆ. ಕಾಲಿನ ಗಟ್ಟಿ ಚರ್ಮ ಸೋಡಾ ನೀರಿನ ಸುಡುವ ಗುಣವನ್ನು ತಾಳುತ್ತದೆ. ಊಟದ ಜೊತೆ ಒಳಸೇರಿದ ಹೆಚ್ಚುವರಿ ಉಪ್ಪನ್ನು ಕಣ್ಣಿನ ಮೇಲ್ಗಡೆಯ ಗ್ರಂಥಿಗಳು ಬೇರ್ಪಡಿಸಿ ಮೂಗಿನ ಹೊಳ್ಳೆಗಳಿಂದ ಹೊರಹಾಕುತ್ತವೆ. ಕುಡಿಯಲು, ಮೀಯಲು ಸಿಹಿನೀರಿನ ಒರತೆ ಹತ್ತಿರವಿದ್ದರೆ ಹಿಂಡು ಅಲ್ಲಿಗೆ ಹೋಗುತ್ತದೆ.

ಒಂಟಿಗಾಲಿನ ನಿಲುವು ಬಹುಕಾಲ ಒಗಟಾಗಿತ್ತು. ಫಿಲಡೆಲ್ಫಿಯಾದ ಮ್ಯಾಥ್ಯೂ ಆಂಡರ್ಸನ್ ಮತ್ತು ಸಾರಾ ವಿಲಿಯಮ್ಸ್ ಮೃಗಾಲಯದ ಕೆರಿಬಿಯನ್ ರಾಜಹಂಸಗಳನ್ನು ಗಮನಿಸಿ, ನೆಲದ ಮೇಲಿರುವುದಕ್ಕಿಂತ ನೀರಿನಲ್ಲಿರುವಾಗ ಅವು ಹೆಚ್ಚಾಗಿ ಒಂಟಿಗಾಲಲ್ಲಿ ನಿಲ್ಲುತ್ತವೆ, ಹವೆ ತಂಪಾದಷ್ಟೂ ಇದು ಹೆಚ್ಚುತ್ತದೆ ಎಂದು ತೋರಿಸಿದರು. ಮೈಶಾಖ ಕಾಲಿನ ಮೂಲಕ ನೀರಿಗೆ ಸೋರಿಹೋಗುವುದನ್ನು ತಡೆಯುವ ಉಪಾಯವಿದು. 2017ರಲ್ಲಿ ಯಂಗ್-ಹುಯ್ ಚಾಂಗ್ ಮತ್ತು ಲೀನಾ ಟಿಂಗ್ ಇದರ ಇನ್ನೊಂದು ಮಗ್ಗುಲನ್ನು ಕಂಡರು. ಸತ್ತ ರಾಜಹಂಸದ ಕಾಲನ್ನು ಸರಿಯಾದ ಓರೆಯಲ್ಲಿ ಹಿಡಿದಾಗ ಅದು ಸ್ನಾಯುಬಲದ ನೆರವಿಲ್ಲದೆ ಮೈಭಾರ ಹೊತ್ತು ನಿಂತಿತು. ಎರಡು ಕಾಲಿನ ಭಂಗಿಯಲ್ಲಿ ಹಾಗೆ ನಿಲ್ಲಲಿಲ್ಲ. ರಾಜಹಂಸಕ್ಕೆ ಒಂಟಿಗಾಲು ವಿಶ್ರಾಂತಿಯ ನಿಲುವು, ಬಹುಶಃ ಎರಡು ಕಾಲಿನದಕ್ಕಿಂತ ಹಗುರವಾದದ್ದು.

ಬಣ್ಣದ ಮೂಲ ಊಟದಲ್ಲಿದೆ. ಪಾಚಿಗಳು ಕೆರೋಟಿನಾಯ್ಡ್ ಎಂಬ ವರ್ಣದ್ರವ್ಯಗಳನ್ನು ತಯಾರಿಸುತ್ತವೆ. ಪುಟ್ಟ ರಾಜಹಂಸ ಅವನ್ನು ಪಾಚಿಯಿಂದಲೇ ಪಡೆಯುತ್ತದೆ; ದೊಡ್ಡ ರಾಜಹಂಸ ಪಾಚಿ ತಿಂದ ಸೀಗಡಿಯಿಂದ ಪಡೆಯುತ್ತದೆ. ಹಕ್ಕಿಯ ದೇಹ ಅವನ್ನು ಕ್ಯಾಂಥಕ್ಸಾಂಥಿನ್, ಅಸ್ಟಾಕ್ಸಾಂಥಿನ್ ಮೊದಲಾದ ಕೆಂಪು ವರ್ಣಗಳಾಗಿ ಮಾರ್ಪಡಿಸಿ ಗರಿ, ಚರ್ಮ, ಕಾಲುಗಳಿಗೆ ಸಾಗಿಸುತ್ತದೆ. ಮರಿಗಳು ಬೂದು ಬಣ್ಣದವು. ಪೂರ್ತಿ ಬಣ್ಣ ಬರಲು ಎರಡು ಮೂರು ವರ್ಷ ಹಿಡಿಯುತ್ತದೆ. ಮೃಗಾಲಯಗಳಲ್ಲಿ ಮೊದಮೊದಲು ರಾಜಹಂಸಗಳು ಬಿಳಿಚಿಕೊಂಡಾಗ ಕ್ಯಾರೆಟ್ಟು, ಕೆಂಪು ಮೆಣಸು ತಿನ್ನಿಸಿ ನೋಡಿದ್ದರು. ಈಗ ಮೇವಿನಲ್ಲೇ ಕ್ಯಾಂಥಕ್ಸಾಂಥಿನ್ ಬೆರೆಸಿರುತ್ತಾರೆ.

ಒಮ್ಮೆ ಬೆಳೆದ ಗರಿ ನಿರ್ಜೀವ ವಸ್ತು. ಬಿಸಿಲಿಗೆ ಅದರ ಬಣ್ಣ ಮಾಸುತ್ತದೆ. ಮಾಸುವ ಬಣ್ಣಕ್ಕೆ ರಾಜಹಂಸ ತಾನೇ ಮೆರುಗು ಕೊಟ್ಟುಕೊಳ್ಳುತ್ತದೆ ಎಂಬುದನ್ನು ಸ್ಪೇನಿನ ಹುವಾನ್ ಅಮಾತ್ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದರು. ಬಾಲದ ಬುಡದಲ್ಲಿರುವ ಎಣ್ಣೆಗ್ರಂಥಿಯ ಸ್ರಾವದಲ್ಲಿ ಕೆರೋಟಿನಾಯ್ಡ್ ಇರುತ್ತದೆ. ಹಕ್ಕಿ ಕೆನ್ನೆಯನ್ನು ಆ ಗ್ರಂಥಿಗೆ ಉಜ್ಜಿ, ಆಮೇಲೆ ಕತ್ತು, ಎದೆ, ಬೆನ್ನಿನ ಗರಿಗಳಿಗೆ ಸವರಿಕೊಳ್ಳುತ್ತದೆ. ಜೋಡಿ ಹುಡುಕುವ ತಿಂಗಳುಗಳಲ್ಲಿ ಈ ಸಿಂಗಾರ ಹೆಚ್ಚು, ಅದರಲ್ಲೂ ಹೆಣ್ಣುಗಳಲ್ಲಿ. ಮರಿ ಹೊರಬಂದ ಮೇಲೆ ಸವರಿಕೊಳ್ಳುವುದು ನಿಲ್ಲುತ್ತದೆ, ಬಣ್ಣವೂ ಬೇಗನೆ ಇಳಿಯುತ್ತದೆ. ಹೆಚ್ಚು ಕೆಂಪಾದ ಹಕ್ಕಿಗಳು ಮೊದಲು ಗೂಡು ಕಟ್ಟಿ ಒಳ್ಳೆಯ ಜಾಗ ಹಿಡಿಯುತ್ತವೆ. ಚೆನ್ನಾಗಿ ಉಂಡ ಹಕ್ಕಿ ಚೆನ್ನಾಗಿ ಕೆಂಪಾಗುತ್ತದೆ. ಹೀಗಾಗಿ ಬಣ್ಣ ನೋಡಿದರೆ ಊಟ ಸಂಪಾದಿಸುವ ಬಲ ಎಷ್ಟೆಂದು ಜೋಡಿಗೆ ತಿಳಿಯುತ್ತದೆ. ಇಂಗ್ಲೆಂಡಿನ ಸ್ಲಿಂಬ್ರಿಜ್‌ನಲ್ಲಿ ಸಾಕಿರುವ ಪುಟ್ಟ ರಾಜಹಂಸಗಳನ್ನು ಪಾಲ್ ರೋಸ್ ಅಧ್ಯಯನ ಮಾಡಿದಾಗ, ಗಾಢ ಬಣ್ಣದವು ಮೇವಿನ ಹತ್ತಿರ ಹೆಚ್ಚು ಜಗಳಗಂಟಿಗಳಾಗಿದ್ದವು. ಒಂದೇ ತಟ್ಟೆಯಿಂದ ಉಣ್ಣುವಾಗ ಜಗಳ ಹೆಚ್ಚು, ದೊಡ್ಡ ಕೊಳದಲ್ಲಿ ಹರಡಿಕೊಂಡು ಉಣ್ಣುವಾಗ ಕಡಿಮೆ.

ಈ ಕೊನೆಯ ಸಂಗತಿಯಲ್ಲೇ ಹಿಂಡಿನ ಬದುಕಿನ ಗುಟ್ಟು ಅಡಗಿದೆ. ಕಾವಲು ಕಾದು ಇಟ್ಟುಕೊಳ್ಳುವಂಥ ಆಹಾರ ರಾಜಹಂಸದ್ದಲ್ಲ. ಪಾಚಿ ಕೆರೆಯಗಲ ಹರಡಿರುತ್ತದೆ, ಸಾವಿರ ಹಕ್ಕಿ ಬಂದರೂ ಒಂದರಿಂದ ಇನ್ನೊಂದರ ಪಾಲು ಕಡಿಮೆಯಾಗದು. ಗಡಿ ಹಾಕಿಕೊಂಡು ಒಬ್ಬಂಟಿಯಾಗಿರುವುದರಿಂದ ಲಾಭವಿಲ್ಲ. ಒಟ್ಟಿಗಿದ್ದರೆ ಕಾಯುವ ಕಣ್ಣುಗಳು ಹೆಚ್ಚು. ಹೀಗೆ ಬೆಳೆದ ಸಂಗಜೀವನ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಹಿಂಡು ತೀರ ಚಿಕ್ಕದಾದರೆ ಅವು ಮೊಟ್ಟೆಯಿಡಲೂ ಹಿಂದೆಗೆಯುತ್ತವೆ. ಕೆಲವು ಮೃಗಾಲಯಗಳು ಹಿಂಡು ದೊಡ್ಡದಾಗಿ ಕಾಣಲೆಂದು ಕನ್ನಡಿ ನಿಲ್ಲಿಸಿದ್ದುಂಟು.

ಮೊಟ್ಟೆಯಿಡುವ ಕಾಲಕ್ಕೆ ತಿಂಗಳುಗಟ್ಟಲೆ ಮೊದಲೇ ಕುಣಿತ ಶುರುವಾಗುತ್ತದೆ. ನೂರಾರು ಹಕ್ಕಿಗಳು ಒತ್ತೊತ್ತಾಗಿ ನಿಂತು, ಕತ್ತು ನಿಗುರಿಸಿ ತಲೆಯನ್ನು ಎಡಬಲಕ್ಕೆ ಚಕಚಕನೆ ತಿರುಗಿಸುತ್ತವೆ. ಕೆಲವು ರೆಕ್ಕೆಗಳನ್ನು ಫಕ್ಕನೆ ಅಗಲಿಸಿ ಒಳಗಿನ ಕೆಂಪು-ಕಪ್ಪನ್ನು ಮೆರೆಸುತ್ತವೆ. ಇಡೀ ಗುಂಪು ದಡಬಡನೆ ಒಂದು ದಿಕ್ಕಿಗೆ ನಡೆದು, ಥಟ್ಟನೆ ತಿರುಗಿ ಇನ್ನೊಂದು ದಿಕ್ಕಿಗೆ ಹೊರಡುತ್ತದೆ. ಗಂಡೂ ಕುಣಿಯುತ್ತದೆ, ಹೆಣ್ಣೂ ಕುಣಿಯುತ್ತದೆ. ಈ ಕುಣಿತದಿಂದ ಎಲ್ಲ ಹಕ್ಕಿಗಳ ಮೈ ಒಂದೇ ಕಾಲಕ್ಕೆ ಸಂತಾನಕ್ಕೆ ಅಣಿಯಾಗುತ್ತದೆ. ಫ್ರಾನ್ಸಿನ ಕಮಾರ್ಗ್ ಜೌಗಿನಲ್ಲಿ 1977ರಿಂದ ದೊಡ್ಡ ರಾಜಹಂಸದ ಮರಿಗಳಿಗೆ ಗುರುತಿನ ಬಳೆ ತೊಡಿಸುತ್ತ ಬಂದಿದ್ದಾರೆ. ಆ ದಾಖಲೆಗಳಿಂದ ತಿಳಿದ ಎರಡು ಸಂಗತಿಗಳು ಗಮನಾರ್ಹ. ಕುಣಿತದ ಭಂಗಿಗಳ ವೈವಿಧ್ಯ ವಯಸ್ಸಿನೊಂದಿಗೆ ಏರಿ ಇಪ್ಪತ್ತು ವರ್ಷದ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ, ಹೆಚ್ಚು ಭಂಗಿ ಬಲ್ಲವುಗಳಿಗೆ ಜೋಡಿ ಸಿಗುವ ಸಂಭವ ಹೆಚ್ಚು. ಆದರೆ ಆ ಜೋಡಿ ಬಾಳುವುದು ಒಂದೇ ಋತು: ಶೇ 98ರಷ್ಟು ಹಕ್ಕಿಗಳು ಮರುವರ್ಷ ಬೇರೆ ಸಂಗಾತಿಯನ್ನು ಕೂಡುತ್ತವೆ.

ಗೂಡು ಕೆಸರಿನದು, ತುದಿ ಕಡಿದ ಹುತ್ತದ ಹಾಗೆ. ಸುಮಾರು ಒಂದಡಿ ಎತ್ತರದ ಆ ದಿಬ್ಬದ ನೆತ್ತಿಯ ಗುಳಿಯಲ್ಲಿ ಒಂದೇ ಬಿಳಿ ಮೊಟ್ಟೆ. ಗಂಡು ಹೆಣ್ಣು ಸರದಿಯಲ್ಲಿ ಕಾವು ಕೂತು, ನಾಲ್ಕು ವಾರದ ಆಜುಬಾಜಿನಲ್ಲಿ ಮರಿ ಬರುತ್ತದೆ. ನೆಲಕ್ಕಿಂತ ಎತ್ತರವಿರುವುದರಿಂದ ನೀರೇರಿದರೂ ಮೊಟ್ಟೆಗೆ ತಟ್ಟದು, ಕಾದ ನೆಲದ ಝಳವೂ ಕಡಿಮೆ. ಈ ಝಳ ಎಷ್ಟಿರಬಹುದೆಂಬುದಕ್ಕೆ ತಾಂಜಾನಿಯಾದ ನೇಟ್ರನ್ ಸರೋವರ ನಿದರ್ಶನ. ಅಲ್ಲಿನ ನೀರಿನ ಕ್ಷಾರಗುಣ ಪಿಎಚ್ 10ನ್ನು ಮೀರುತ್ತದೆ, ಆಳವಿಲ್ಲದ ಕಡೆ ನೀರು 60 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬಲ್ಲದು. ಜಗತ್ತಿನ ಪುಟ್ಟ ರಾಜಹಂಸಗಳಲ್ಲಿ ಸುಮಾರು ಮುಕ್ಕಾಲು ಪಾಲು ಹುಟ್ಟುವುದು ಇಲ್ಲೇ. ನರಿ, ಕತ್ತೆಕಿರುಬಗಳು ಆ ಸುಡುವ ಕೆಸರನ್ನು ದಾಟಿ ಬರಲಾರವು. 1950ರ ದಶಕದಲ್ಲಿ ಈ ಗೂಡುನೆಲೆಯನ್ನು ವಿಮಾನದಿಂದ ಪತ್ತೆಮಾಡಿದ ಪಕ್ಷಿತಜ್ಞ ಲೆಸ್ಲಿ ಬ್ರೌನ್, ಕಾಲ್ನಡಿಗೆಯಲ್ಲಿ ತಲುಪಲು ಹೋಗಿ, ಸೋಡಾದಿಂದ ಕಾಲು ಸುಟ್ಟುಕೊಂಡು ಆಸ್ಪತ್ರೆ ಸೇರಿದರು. 1962ರಲ್ಲಿ ನೇಟ್ರನ್ ತುಂಬಿಹೋದಾಗ ಹಕ್ಕಿಗಳು ಕೆನ್ಯಾದ ಮಗಾಡಿ ಸರೋವರದಲ್ಲಿ ಗೂಡು ಕಟ್ಟಿದವು. ಅಲ್ಲಿ ಮರಿಗಳ ಕಾಲಿಗೆ ಸೋಡಾ ಹೆಪ್ಪುಗಟ್ಟಿ ಕಡಗದಂತೆ ಬಿಗಿದು ಅವು ನಡೆಯಲಾರದೆ ಬಿದ್ದವು. ವನ್ಯಜೀವಿ ಚಿತ್ರನಿರ್ಮಾಪಕ ಅಲನ್ ರೂಟ್ ಮತ್ತು ಇತರರು ಆ ಕಡಗಗಳನ್ನು ಒಡೆದು ಸಾವಿರಾರು ಮರಿಗಳನ್ನು ಉಳಿಸಿದರು.

ಹುಟ್ಟಿದ ಮರಿಯ ಕೊಕ್ಕು ನೇರವಾಗಿರುತ್ತದೆ, ಒಳಗೆ ಜರಡಿಯೂ ಬೆಳೆದಿರುವುದಿಲ್ಲ. ಬಾಗು ಮೂಡಿ, ಸೋಸುವ ಶಕ್ತಿ ಬರಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಅಲ್ಲಿಯವರೆಗೆ ತಂದೆತಾಯಿ ಎರಡೂ ಗಂಟಲಿನಲ್ಲಿ ಹಾಲು ತಯಾರಿಸಿ ಕುಡಿಸುತ್ತವೆ. ಅನ್ನನಾಳದ ಒಳಪದರದಿಂದ ಒಸರುವ ಈ ದ್ರವದಲ್ಲಿ ಸುಮಾರು ಶೇ 15ರಷ್ಟು ಕೊಬ್ಬು, ಶೇ 8–9ರಷ್ಟು ಪ್ರೋಟೀನ್ ಇರುತ್ತದೆ. ಸಸ್ತನಿಗಳಲ್ಲಿ ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನೇ ಇಲ್ಲಿಯೂ ಕೆಲಸ ಮಾಡುತ್ತದೆ. ಹಾಲಿನ ಬಣ್ಣ ರಕ್ತದಂತೆ ಕೆಂಪು. ತಂದೆತಾಯಿ ತಮ್ಮ ಮೈಯ ಕ್ಯಾಂಥಕ್ಸಾಂಥಿನ್ನನ್ನೂ ಅದರೊಂದಿಗೆ ಮರಿಗೆ ಧಾರೆಯೆರೆಯುತ್ತವೆ. ಮರಿ ಬೆಳೆದಂತೆ ಹೆತ್ತವರ ಗರಿಗಳು ಬಿಳಿಚಿಕೊಳ್ಳುವುದಕ್ಕೆ ಇದೂ ಕಾರಣ. ಒಂದೇ ಮೊಟ್ಟೆ ಏಕೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇರಬಹುದು. ಇಷ್ಟು ದುಬಾರಿ ಪೋಷಣೆಯನ್ನು ಎರಡು ಮರಿಗಳಿಗೆ ಒದಗಿಸುವುದು ಸುಲಭವಲ್ಲ.

ಒಂದೆರಡು ವಾರದಲ್ಲಿ ಮರಿಗಳು ಗೂಡು ಬಿಟ್ಟು ಗುಂಪು ಸೇರುತ್ತವೆ. ಸಾವಿರಾರು ಮರಿಗಳ ಆ ಗುಂಪನ್ನು ಕೆಲವೇ ದೊಡ್ಡ ಹಕ್ಕಿಗಳು ಕಾಯುತ್ತವೆ. ಮೇಯಲು ಹೋದ ತಂದೆತಾಯಿ ಮರಳಿ ಬಂದಾಗ ಕೂಗಿನಿಂದಲೇ ತಮ್ಮ ಮರಿಯನ್ನು ಗುರುತಿಸಿ ಅದಕ್ಕೆ ಮಾತ್ರ ಉಣಿಸುತ್ತವೆ. ಮೊಟ್ಟೆ ವಿರಳವಾದರೂ ಆಯಸ್ಸು ದೀರ್ಘ. ಆಸ್ಟ್ರೇಲಿಯಾದ ಅಡಿಲೇಡ್ ಮೃಗಾಲಯದ ದೊಡ್ಡ ರಾಜಹಂಸವೊಂದು 2014ರಲ್ಲಿ ಸತ್ತಾಗ ಅದಕ್ಕೆ ಕನಿಷ್ಠ 83 ವರ್ಷ. ಇಷ್ಟು ಬಾಳುವ ಹಕ್ಕಿಗೆ ಪ್ರತಿ ವರ್ಷ ಮರಿ ಮಾಡಲೇಬೇಕೆಂಬ ಒತ್ತಡವಿಲ್ಲ. ನೀರು ಸರಿಯಿಲ್ಲದ ವರ್ಷ ಇಡೀ ಹಿಂಡೇ ಗೂಡು ಕಟ್ಟದೆ ಸುಮ್ಮನಿರಬಲ್ಲದು.

ಹೀಗೆ ಕಾಯುವ ತಾಳ್ಮೆಗೂ ಮಿತಿಯಿದೆ, ಏಕೆಂದರೆ ಆಹಾರ ಕೈಕೊಟ್ಟಾಗ ಬೇರೆ ದಾರಿ ಕಡಿಮೆ. ಪುಟ್ಟ ರಾಜಹಂಸವೊಂದು ದಿನಕ್ಕೆ ಒಣತೂಕದಲ್ಲಿ 60–70 ಗ್ರಾಂನಷ್ಟು ಪಾಚಿ ತಿನ್ನುತ್ತದೆ. ಕೆನ್ಯಾದ ನಕೂರು ಸರೋವರದಲ್ಲಿ ಹತ್ತು ಲಕ್ಷಕ್ಕೂ ಮೀರಿ ಹಕ್ಕಿ ಸೇರಿದ ಕಾಲವಿತ್ತು. ಪಾಚಿ ಇದ್ದಕ್ಕಿದ್ದಂತೆ ನಶಿಸಿದರೆ ಅವು ರಾತ್ರೋರಾತ್ರಿ ಬೊಗೋರಿಯಾ ಮೊದಲಾದ ಸರೋವರಗಳಿಗೆ ಹಾರುತ್ತವೆ. 1990ರ ದಶಕದಲ್ಲಿ ಈ ಎರಡು ಸರೋವರಗಳಲ್ಲಿ ಹತ್ತಾರು ಸಾವಿರ ಹಕ್ಕಿಗಳು ಸತ್ತವು. ಕ್ಷಯಜಾತಿಯ ಸೋಂಕು ಮತ್ತು ಕೆಲವು ಪಾಚಿಗಳು ಬಿಡುವ ವಿಷ ಇದಕ್ಕೆ ಕಾರಣವೆಂದು ಸಂಶೋಧಕರು ಗುರುತಿಸಿದ್ದಾರೆ. ಈಗ ಬಂದಿರುವ ಕಂಟಕ ಮಳೆಯದು. ಉಪಗ್ರಹ ಚಿತ್ರಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಪೂರ್ವ ಆಫ್ರಿಕಾದ ಸೋಡಾ ಸರೋವರಗಳು ಮಳೆ ಹೆಚ್ಚಿ ಉಬ್ಬುತ್ತಿವೆ, ನೀರು ತೆಳುವಾಗಿ ಪಾಚಿ ಕಡಿಮೆಯಾಗುತ್ತಿದೆ. 2009ರಿಂದ 2022ರ ನಡುವೆ ನಕೂರು ಸುಮಾರು ಶೇ 90ರಷ್ಟು ಹಿಗ್ಗಿತು, ಅದರ ಪಾಚಿಯ ಪ್ರಮಾಣ ಅರ್ಧಕ್ಕಿಳಿಯಿತು. ಚಿಲಿಯ ಅಟಕಾಮಾದಲ್ಲಿ ಸಂಕಟ ಇದಕ್ಕೆ ತದ್ವಿರುದ್ಧ: ಬ್ಯಾಟರಿಗಳಿಗೆ ಬೇಕಾದ ಲಿಥಿಯಂಗಾಗಿ ನೆಲದಡಿಯ ಉಪ್ಪುನೀರನ್ನು ಹೀರಿ ತೆಗೆಯುತ್ತಿರುವ ಕಡೆ ಆಂಡೀಸ್ ಮತ್ತು ಜೇಮ್ಸ್ ರಾಜಹಂಸಗಳು ಕುಗ್ಗುತ್ತಿವೆ.

ಭಾರತದಲ್ಲಿ ಇವುಗಳ ತವರು ಗುಜರಾತಿನ ಕಛ್ ರಣ. ದೊಡ್ಡ ರಣದ ನಡುವೆ ದೊಡ್ಡ ರಾಜಹಂಸಗಳ ಗೂಡುಗಳ ವಿಸ್ತಾರವಾದ ನೆಲೆಯೊಂದಿದೆ. 1945ರಲ್ಲಿ ಅಲ್ಲಿಗೆ ಹೋದ ಪಕ್ಷಿತಜ್ಞ ಸಾಲಿಂ ಅಲಿ ಅಲ್ಲಿನ ಹಕ್ಕಿಗಳ ಸಂಖ್ಯೆಯನ್ನು ಸುಮಾರು ಐದು ಲಕ್ಷವೆಂದು ಅಂದಾಜಿಸಿದರು. ಚಿಕ್ಕ ರಣದಲ್ಲಿ ಪುಟ್ಟ ರಾಜಹಂಸಗಳು ಮರಿ ಮಾಡುತ್ತವೆ. ಮುಂಗಾರು ಎಷ್ಟು ಸುರಿದು ರಣದಲ್ಲಿ ಎಷ್ಟು ನೀರು ನಿಂತಿತು ಎಂಬುದರ ಮೇಲೆ ಆ ವರ್ಷದ ಗೂಡುಗಳು ನಿಂತಿವೆ. ಗೂಡಿನ ಕಾಲ ಮುಗಿದ ಮೇಲೆ ಹಕ್ಕಿಗಳು ಚದರುತ್ತವೆ. ಮುಂಬಯಿಯ ಠಾಣೆ ಕೊಲ್ಲಿಗೆ 1990ರ ದಶಕದಿಂದ ಅವು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದವು. ನಗರದ ಕೊಳಚೆಯಲ್ಲಿರುವ ಸಾರಜನಕ ಮತ್ತು ರಂಜಕ ಕೊಲ್ಲಿಯ ಕೆಸರಿನಲ್ಲಿ ಪಾಚಿಯನ್ನು ಸೊಂಪಾಗಿ ಬೆಳೆಸಿದ್ದು ಇದಕ್ಕೆ ಒಂದು ಕಾರಣ. ಈಗ ಕೆಲವು ವರ್ಷ ಲಕ್ಷ ಮೀರಿ ಹಕ್ಕಿ ಸೇರುತ್ತವೆ. 2015ರಲ್ಲಿ ಕೊಲ್ಲಿಯ ಒಂದು ಭಾಗ ರಾಜಹಂಸಧಾಮವಾಯಿತು. ಪಾಚಿ ಬೆಳೆಸುವ ಕೊಳಚೆಯೇ ಮಿತಿಮೀರಿದರೆ ವಿಷಪಾಚಿಯನ್ನೂ ಬೆಳೆಸಬಲ್ಲದು. ಜೊತೆಗೆ ಕಟ್ಟಡ, ವಿದ್ಯುತ್ ತಂತಿ, ವಿಮಾನಗಳ ನಡುವೆ ಹಕ್ಕಿಗಳು ರಾತ್ರಿ ಹಾರಬೇಕು. 2024ರ ಮೇ ತಿಂಗಳಲ್ಲಿ ಇಳಿಯುತ್ತಿದ್ದ ವಿಮಾನವೊಂದಕ್ಕೆ ಬಡಿದು ಸುಮಾರು 40 ರಾಜಹಂಸಗಳು ನಗರದ ಘಾಟ್ಕೋಪರದಲ್ಲಿ ಸತ್ತು ಬಿದ್ದವು.

ಕರ್ನಾಟಕದಲ್ಲಿ ರಾಜಹಂಸ ಗೂಡು ಕಟ್ಟುವುದಿಲ್ಲ, ಮೇಯಲು ಬರುತ್ತದೆ. ಬಾಗಲಕೋಟೆ ಕಡೆಯ ಆಲಮಟ್ಟಿ ಹಿನ್ನೀರಿನಲ್ಲಿ, ತುಂಗಭದ್ರಾ ಜಲಾಶಯದ ಅಂಚಿನಲ್ಲಿ ದೊಡ್ಡ ರಾಜಹಂಸಗಳು ಕಾಣಸಿಗುತ್ತವೆ. ಇಲ್ಲಿನದು ಸವಳು ನೀರಲ್ಲ. ಆದರೆ ಬೇಸಗೆಯಲ್ಲಿ ಜಲಾಶಯ ಇಳಿದಂತೆ ಅಗಲವಾದ ಕೆಸರಿನ ಬಯಲು ತೆರೆದುಕೊಂಡು, ಮರಿಹುಳು, ಬಸವನಹುಳು, ಬೀಜಗಳು ಮೊಣಕಾಲುದ್ದದ ನೀರಿನಲ್ಲಿ ಎಟುಕುತ್ತವೆ. ಒರಟು ಜರಡಿಯ ಹಕ್ಕಿಗೆ ಅಷ್ಟು ಸಾಕು. ಮುಂಗಾರಿನಲ್ಲಿ ಒಳಹರಿವು ಏರಿ ನೀರು ಕಾಲಿನ ಅಳತೆ ಮೀರಿದಾಗ ತಳ ಕೊಕ್ಕಿಗೆ ಸಿಗದೆ ಹೋಗುತ್ತದೆ, ಹಿಂಡುಗಳು ಅಲ್ಲಿಂದ ಹೊರಡುತ್ತವೆ.